ಹಾಲು ಆರುವ ಹೊತ್ತು

ಅವಳು ಹೋಗಿ ಒಂದು ಗಂಟೆಯಾದರೂ ಆಗಿರಬೇಕು. ಹೆಚ್ಚೇ ಆಗಿದೆ, ಕಡಿಮೆಯಂತೂ ಅಲ್ಲ. ಮಂಚದ ಮೇಲೆ ಅಂಗಾತ ಬಿದ್ದುಕೊಂಡು ಫ್ಯಾನಿನ ರೆಕ್ಕೆಗಳನ್ನೇ ನೋಡುತ್ತಿದ್ದ ಅವನಿಗೆ ಈ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೆಡಿಕಲ್ ಶಾಪ್ ಇರುವುದು ಬಸ್ ಸ್ಟ್ಯಾಂಡಿನ ಆಚೆ ಮಗ್ಗುಲಿಗೆ. ಕುಂಟಿಕೊಂಡು ಹೋದರೂ, ಅಂಗಡಿಯವನು ಡಬ್ಬಿಗಳನ್ನೆಲ್ಲ ತಡಕಾಡಿದರೂ, ದಾರಿಯಲ್ಲಿ ಯಾವಳೋ ಹಳೇ ಪರಿಚಯದವಳು ಸಿಕ್ಕಿ "ಅಯ್ಯೋ ನೀವಾ, ಎಷ್ಟು ಸೊರಗಿಬಿಟ್ಟಿದೀರಿ" ಎಂದು ಕೈ ಹಿಡಿದುಕೊಂಡರೂ, ಇಷ್ಟು ಹೊತ್ತು ಹಿಡಿಯುವ ಕೆಲಸ ಅದಲ್ಲ. ಹೋಗುವಾಗ ಹೆಂಡತಿ ಸ್ಟೀಲ್ ಲೋಟದಲ್ಲಿ ಹಾಲು ಕಾಯಿಸಿ ತಂದು, ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ತಟ್ಟೆ ಮುಚ್ಚಿ, "ಕುದೀತಿದೆ, ಈಗಲೇ ಬಾಯಿಗಿಟ್ಟು ಸುಟ್ಟುಕೋಬೇಡಿ. ಅದು ಆರೋ ಹೊತ್ತಿಗೆ ಮಾತ್ರೆ ತಂದಿರ್ತೀನಿ" ಎಂದಿದ್ದಳು. ಹಾಗೆನ್ನುತ್ತಲೇ ಬಾಗಿಲ ಹಿಂದಿನ ಮೊಳೆಯಿಂದ ತನ್ನ ಹಸಿರು ಚೀಲವನ್ನೂ ತೆಗೆದುಕೊಂಡಿದ್ದಳು. ಮಾತ್ರೆ ತರುವುದಕ್ಕೆ ಬಟ್ಟೆಯ ಚೀಲ ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೇನೋ. ಬೆಳಗಿನಿಂದ ಅವನ ಬಾಯಲ್ಲಿ ಒಂದೇ ಒಂದು ಮಾತು ಸುಪಾರಿ ಚೂರಿನ ಹಾಗೆ ಅತ್ತಿಂದಿತ್ತ ಹೊರಳುತ್ತಿತ್ತು: ಇವತ್ತೊಂದು ದಿನ ಇರು. ಅಗಿಯಲೂ ಆಗದೆ ಉಗಿಯಲೂ ಆಗದೆ ಅದು ಅಲ್ಲೇ ಉಳಿದಿತ್ತು. ಅವಳು ಬಂದದ್ದೂ ಅವನು ಕರೆದನೆಂದಲ್ಲ. ಅವಳು ಈಗಿರುವ ತಂಗಿಯ ಊರಿಗೆ ಹೋಗುವ ಬಸ್ಸಿನ ಬೊಜ್ಜ ಡ್ರೈವರ್ ಹೋಗಿ, "ಅಕ್ಕಾ, ನಿಮ್ಮ ಯಜಮಾನರು ಮೂರು ದಿನದಿಂದ ಜ್ವರದಲ್ಲಿ ಬೇಯ್ತಿದಾರೆ, ನೀರು ಕೊಡೋರಿಲ್ಲ" ಎಂದು ಊದಿದ್ದ. ಬಂದವಳು ಬಾಗಿಲಲ್ಲಿ ನಿಂತೇ "ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗಬೇಕು" ಎಂದಿದ್ದಳು. ಬರುವ ಮೊದಲೇ ಹೋಗುವ ಮಾತು. ಅವನ ಮನೆಯಲ್ಲಿ ಬದುಕಿದವರಿಗೆ ಅದು ಅಭ್ಯಾಸವಾಗಿಬಿಡುತ್ತದೆ.

ಅವನು ಬಸ್ ಸ್ಟ್ಯಾಂಡಿನ ಟೈಂ ಕಂಟ್ರೋಲರ್. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಸೀಟಿ ಊದುವವನು. ಡ್ರೈವರುಗಳು, ಕಂಡಕ್ಟರುಗಳು ಅವನನ್ನು ಮುಳ್ಳಣ್ಣ ಎನ್ನುತ್ತಿದ್ದರು. ಗಡಿಯಾರದ ಮುಳ್ಳು ಎಂದು ಎದುರಿಗೆ, ಕಾಲಿಗೆ ಚುಚ್ಚುವ ಮುಳ್ಳು ಎಂದು ಹಿಂದಿನಿಂದ. ಅವನ ಕೈಯಲ್ಲಿ ವಾಚಿಲ್ಲ. ಸ್ಟ್ಯಾಂಡಿನ ದೊಡ್ಡ ಗಡಿಯಾರ ನಿಂತು ಯಾವ ಕಾಲವಾಯಿತೋ. ಮುಳ್ಳಣ್ಣ ಇರುವಾಗ ಅದಕ್ಕೇಕೆ ಖರ್ಚು ಎಂದು ಯಾರೂ ರಿಪೇರಿ ಮಾಡಿಸಲಿಲ್ಲ. ಒಮ್ಮೆ ಮೇಲಿನ ಆಫೀಸಿನಿಂದ ಬಂದ ಸಾಹೇಬರು ನಂಬದೆ, ಅವನ ಕಣ್ಣಿಗೆ ಕರವಸ್ತ್ರ ಕಟ್ಟಿ ಕುರ್ಚಿಯ ಮೇಲೆ ಕೂರಿಸಿ, ಸ್ಟ್ಯಾಂಡಿನ ಜನವೆಲ್ಲ ಕೋತಿ ಕುಣಿತ ನೋಡುವ ಹಾಗೆ ಸುತ್ತ ನೆರೆದಿರುವಾಗ, "ಈಗ ಎಷ್ಟು?" ಎಂದು ಕೇಳಿದ್ದರು. ಹೇಳಿದ. ಸಾಹೇಬರು ವಾಚು ನೋಡಿಕೊಂಡು, ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಅದರ ಮುಳ್ಳನ್ನೇ ತಿರುಗಿಸಿ ಸರಿಮಾಡಿಕೊಂಡಿದ್ದರು. ಅದು ಹೇಗೆ ಗೊತ್ತಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಪಕ್ಕೆಲುಬಿನ ಕೆಳಗೆಲ್ಲೋ ಏನೋ ಒಂದು ಕೂತಿತ್ತು. ಅದು ಹೊಟ್ಟೆಯಲ್ಲ, ಎದೆಯಲ್ಲ. ತೊಟ್ಟಿಕ್ಕುವ ನಲ್ಲಿಯ ಹಾಗೆ ಒಂದೇ ಸಮ ತೊಟ್ಟಿಕ್ಕುತ್ತ, ತುಂಬಿದಾಗ ತಾನಾಗಿ ಹೇಳುತ್ತಿತ್ತು. ನಿದ್ದೆಯಲ್ಲೂ ಹೇಳುತ್ತಿತ್ತು. ಅದು ಇತ್ತೆಂದೇ ಅವನು ಮನುಷ್ಯ. ಇಲ್ಲದಿದ್ದರೆ ಖಾಕಿ ಅಂಗಿ ಹಾಕಿಕೊಂಡು ಬಿಸಿಲಲ್ಲಿ ನಿಂತ ಕಂಬ.

ಆದರೆ ಅದು ಡ್ಯೂಟಿ ಮುಗಿದ ಮೇಲೆ ಸ್ಟ್ಯಾಂಡಿನಲ್ಲೇ ಉಳಿಯುತ್ತಿರಲಿಲ್ಲ, ನಾಯಿಯ ಹಾಗೆ ಹಿಂದೆಯೇ ಮನೆಗೂ ಬರುತ್ತಿತ್ತು. ಒಂದು ಕೊಡ ನೀರು ತರೋಕೆ ಇಷ್ಟು ಹೊತ್ತಾ? ಪಕ್ಕದ ಮನೆಯಲ್ಲಿ ಅಷ್ಟು ಹೊತ್ತು ಏನಿತ್ತು ಮಾತು? ಸ್ನಾನಕ್ಕೆ ಹೋಗಿ ಎಷ್ಟು ಹೊತ್ತಾಯಿತು ನೋಡಿದೀಯಾ? ಹೊಡೆದವನಲ್ಲ. ಕೈ ಎತ್ತಿದವನೂ ಅಲ್ಲ. ಬರೀ ಹೇಳುತ್ತಿದ್ದ, ಎಷ್ಟು ಹೊತ್ತು ಎಂದು, ಅದೂ ಸರಿಯಾಗಿ. ಅವನು ಹೇಳಿದ್ದು ತಪ್ಪು ಎನ್ನಲು ಅವಳಿಗೆ ಒಮ್ಮೆಯೂ ಆಗಲಿಲ್ಲ. ಸರಿಯಾಗಿರುವವನ ಜೊತೆ ಜಗಳವಾಡುವುದು ಹೇಗೆ? ಅತ್ತೆಗೆ, ಅಂದರೆ ಅವಳ ತಾಯಿಗೆ, ಕಾಯಿಲೆ ಹೆಚ್ಚಾದಾಗ "ಬೆಳಗಿನ ಬಸ್ಸಿಗೆ ಹೋಗಿ ಸಾಯಂಕಾಲದ ಬಸ್ಸಿಗೆ ಬಾ" ಎಂದಿದ್ದ. ಬಂದಳು. ಅಡುಗೆಮನೆಯ ದೀಪ ಹಾಕಿ, ಕೈಕಾಲು ತೊಳೆದು ಒಲೆ ಹಚ್ಚಿದಳು. ಬೆಳಗಾಗುವಷ್ಟರಲ್ಲಿ ಮುದುಕಿ ಹೋದ ಸುದ್ದಿ ಬಂತು. ಅವಳು ಅಳಲಿಲ್ಲ. ಗೋಡೆಗೆ ಒರಗಿ ಕೂತು, ಅವನ ಮುಖವನ್ನಲ್ಲ, ಅವನ ಅಂಗಿಯ ಗುಂಡಿಯನ್ನು ನೋಡುತ್ತ, "ಟೈಮಿಗೆ ಸರಿಯಾಗಿ ಬಂದೆ, ಅಲ್ವಾ?" ಎಂದಳು. ಅಷ್ಟೇ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ಅವನು ಆವತ್ತು ಕೋಪ ಕೂಡ ಮಾಡಿಕೊಂಡಿರಲಿಲ್ಲವಲ್ಲ, ಬರೀ ಬಸ್ಸಿನ ಟೈಂ ಹೇಳಿದ್ದ. ಆಮೇಲೆ ಯಾವಾಗಲೋ ಒಂದು ಮಧ್ಯಾಹ್ನ ಅವಳು ಹೊರಟುಹೋದಳು. ಅವನೇ ಸೀಟಿ ಊದಿ ಕಳಿಸಿದ ಬಸ್ಸಿನಲ್ಲಿ. ಕಿಟಕಿಯ ಪಕ್ಕದಲ್ಲೇ ಕೂತಿದ್ದಳಂತೆ. ಅವನು ಚಕ್ರ ನೋಡಿದ, ಬಾಗಿಲು ನೋಡಿದ, ಕಂಡಕ್ಟರನ ಕೈ ನೋಡಿದ. ಕಿಟಕಿಗಳಲ್ಲಿ ಮುಖಗಳಿರುತ್ತವೆ ಎಂಬುದು ಅವನ ಲೆಕ್ಕಕ್ಕೆ ಬರುವ ಸಂಗತಿಯಾಗಿರಲಿಲ್ಲ. ಮನೆಗೆ ಬಂದು ನೋಡಿದರೆ ಬಾಗಿಲಿಗೆ ಬೀಗ, ಹೂವಿನ ಕುಂಡದ ಕೆಳಗೆ ಕೀಲಿ. ಅದಾಗಿ ಎಷ್ಟು ವರ್ಷವಾಯಿತೆಂದು ಮಾತ್ರ, ನಿಮಿಷ ನಿಮಿಷವನ್ನೂ ಹಿಂಡಿ ತೂಗುವ ಅವನು, ಎಂದೂ ಎಣಿಸಿರಲಿಲ್ಲ.

ಫ್ಯಾನು ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತಿಗೆ ಅದು ಯೋಚನೆ ಮಾಡುತ್ತಿದ್ದ ಹಾಗಿತ್ತು. ಅಲ್ಲಾ, ಇಷ್ಟು ನಿಧಾನಕ್ಕೆ ಯಾವ ಫ್ಯಾನು ತಿರುಗುತ್ತದೆ? ಕರೆಂಟು ಕಮ್ಮಿಯಾಗಿರಬೇಕು. ಕಿವಿಯೊಳಗೆ ಯಾರೋ ಮಡಿಕೆ ತಟ್ಟುವ ಹಾಗೆ ರಕ್ತ ಬಡಿಯುತ್ತಿತ್ತು. ಬೀದಿಯಲ್ಲಿ ಒಂದು ಸೈಕಲ್ಲಿನ ಬೆಲ್ಲು ಶುರುವಾಗಿ, ಎಳೆದು ಎಳೆದು, ಮುಗಿಯಲೇ ಇಲ್ಲ. ಚಾವಣಿಯ ಮೂಲೆಯಲ್ಲಿ ಹಲ್ಲಿಯೊಂದು ಕಾಲೆತ್ತಿ, ಎತ್ತಿದ ಕಾಲನ್ನು ಊರುವುದನ್ನೇ ಮರೆತಿತ್ತು. ಪಕ್ಕೆಲುಬಿನ ಕೆಳಗಿನದು ಮಾತ್ರ ತೊಟ್ಟಿಕ್ಕುತ್ತಿರಲಿಲ್ಲ, ಬಿಟ್ಟ ನಲ್ಲಿಯ ಹಾಗೆ ಸುರಿಯುತ್ತಿತ್ತು: ಆಯಿತು, ಇನ್ನೂ ಆಯಿತು, ಎಷ್ಟೋ ಆಯಿತು. ಇಷ್ಟು ಹೊತ್ತಿಗೆ ಬಸ್ಸು ಹೊರಟಿದೆ. ಅವಳು ಕಿಟಕಿ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಾಳೆ. ಮಾತ್ರೆ ನೆಪ. ಹಾಲು ನೆಪ. ಜ್ವರ ನೋಡಲು ಬಂದದ್ದೂ ನೆಪವೇ, ಬದುಕಿದ್ದಾನಾ ಸತ್ತನಾ ಎಂದು ಕಂಡು ಹೋಗೋಣ ಅಂತ. ಹೇಳಿ ಹೋಗುವ ಜಾತಿಯವಳೇ ಅಲ್ಲ ಅವಳು. ಹಾಗಾದರೆ ಹೋಗಲಿ, ಆದರೆ ಈ ಸಲ ನಾನು ನೋಡುತ್ತಿರುವಾಗ ಹೋಗಲಿ ಎಂದುಕೊಂಡ. ಎದ್ದ. ನೆಲ ಒಂದು ಕ್ಷಣ ತಡವಾಗಿ ಕಾಲಿಗೆ ಸಿಕ್ಕಿತು. ಖಾಕಿ ಅಂಗಿಯನ್ನು ಬನಿಯನ್ನಿನ ಮೇಲೆ ಹಾಕಿಕೊಂಡ. ಜೇಬಿನಲ್ಲಿ ಸೀಟಿ ಇತ್ತು. ಸ್ಟೂಲಿನ ಮೇಲಿನ ಲೋಟದ ಕಡೆ ತಿರುಗಿಯೂ ನೋಡದೆ, ಬಾಗಿಲು ತೆರೆದೇ ಬಿಟ್ಟು ಹೊರಬಿದ್ದ.

ಬೀದಿಯ ಕೊನೆಯಲ್ಲೇ ಬಸ್ ಸ್ಟ್ಯಾಂಡು. ಬಸ್ಸು ಹೋಗಿರಲಿಲ್ಲ. ತನ್ನ ಜಾಗದಲ್ಲಿ ಎಮ್ಮೆಯ ಹಾಗೆ ನಿಂತಿತ್ತು. ಮೂರನೇ ಕಿಟಕಿಯಲ್ಲಿ ಅವಳ ಚೀಲದ ಹಸಿರು ಕಂಡಿತು. ಆಚೆ ಏನಿದೆಯೋ, ಗಾಜಿನ ಮೇಲೆ ಬಿಸಿಲು ಹೊಡೆದು ಕಣ್ಣು ಕತ್ತಲಿಟ್ಟಿತು. ಚೀಲವಿದ್ದಲ್ಲಿ ಅವಳಿರುತ್ತಾಳೆ. ಕೂತಿದ್ದಾಳೆ. ಇಲ್ಲೇ, ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ಗಂಟೆಯಿಂದ, ಅವನ ಮಗ್ಗುಲಿಗಿಂತ ಬಸ್ಸಿನ ಸೀಟೇ ಮೇಲೆಂದು ಕೂತಿದ್ದಾಳೆ. ಅವನ ಮೈಯ ಬಿಸಿಯೆಲ್ಲ ನೆತ್ತಿಗೇರಿತು.

"ಯಾಕೆ ಇದು ಇನ್ನೂ ಹೊರಟಿಲ್ಲ?"

ಅವನ ಜಾಗದಲ್ಲಿ ಮೂರು ದಿನದಿಂದ ಡ್ಯೂಟಿ ಮಾಡುತ್ತಿದ್ದ ಮೇಡಂ, ಕನ್ನಡಕವನ್ನು ಮೂಗಿನ ಮೇಲಿಂದ ಜಾರಿಸಿ ನೋಡಿದರು. "ಅಯ್ಯೋ ಮುಳ್ಳಣ್ಣ, ಈ ಅವತಾರದಲ್ಲಿ ಯಾಕೆ ಬಂದ್ರಿ? ಕಣ್ಣು ಕೆಂಡ ಆಗಿದೆ, ಕೂತ್ಕೊಳ್ಳಿ ಇಲ್ಲಿ."

"ಬಸ್ ಯಾಕೆ ನಿಂತಿದೆ ಅಂತ ಕೇಳಿದೆ."

"ಟೈಂ ಆಗಿಲ್ಲ, ಅದಕ್ಕೆ ನಿಂತಿದೆ. ಇನ್ನೂ ಬೇಕಾದಷ್ಟಿದೆ."

"ಟೈಂ ಆಗಿಲ್ವಾ? ನನಗೆ ಟೈಂ ಹೇಳಿಕೊಡ್ತೀರಾ ನೀವು?"

ಮೇಡಂ ಮೊಬೈಲ್ ಎತ್ತಿ ಅವನ ಮುಖದ ಮುಂದೆ ಹಿಡಿದರು. ಅಂಕಿಗಳು ನೀರಿನಲ್ಲಿ ಬಿದ್ದವುಗಳ ಹಾಗೆ ಅಲುಗಾಡಿದವು. "ಅದು ಕೆಟ್ಟಿದೆ" ಎಂದ.

ಟೀ ಅಂಗಡಿಯ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. "ನನ್ನದೂ ಕೆಟ್ಟಿದೆ ಮುಳ್ಳಣ್ಣ, ಇವನದ್ದೂ ಕೆಟ್ಟಿದೆ, ಊರಿಗೆ ಊರೇ ಕೆಟ್ಟಿದೆ!" ಎಂದೊಂದು ದನಿ. ಅವನು ತಿರುಗಿ ಆ ಕಡೆ ನೋಡಿದ. ಇಷ್ಟು ವರ್ಷ ಅವನೆದುರಿಗೆ ಸೊಲ್ಲೆತ್ತದವರು. ಆ ಸಾಹೇಬರ ವಾಚು ತಪ್ಪಿದ್ದನ್ನು ಕಣ್ಣಾರೆ ಕಂಡವರು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಹೋಗು ಹಾಗಾದರೆ, ಹೋಗು, ಎಂದು ಎದೆಯೊಳಗಿನ ಉಸಿರನ್ನೆಲ್ಲ ಒಟ್ಟುಮಾಡಿ ಸೀಟಿ ಊದಿದ.

ಬೊಜ್ಜ ಡ್ರೈವರ್ ಸ್ಟೇರಿಂಗಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಅವನ ಬುದ್ಧಿಗಿಂತ ಮೊದಲು ಕಾಲು ಎದ್ದಿತು. ಆ ಸೀಟಿಗೆ, ಉದ್ದಕ್ಕೆ ಎಳೆದು ಕೊನೆಯಲ್ಲಿ ಕತ್ತರಿಸಿದ ಹಾಗೆ ನಿಲ್ಲುವ ಆ ಒಂದೇ ಸೀಟಿಗೆ, ಅವನ ಎಡಗಾಲು ಎಷ್ಟೋ ವರ್ಷದಿಂದ ಕ್ಲಚ್ ಒತ್ತುತ್ತ ಬಂದಿತ್ತು. ಎಂಜಿನ್ ಗುಡುಗಿತು. ಒಳಗೆ ಟಿಕೆಟ್ ಕೊಡುತ್ತಿದ್ದ ಕಂಡಕ್ಟರೂ ಹೊರಗೆ ನೋಡದೆ ತಗಡು ಬಡಿದು "ರೈಟ್" ಎಂದ. ಬಸ್ಸು ಹೊರಳಿ ಗೇಟು ದಾಟಿತು. ಆಗ ಜನ ಎದ್ದರು. ಅರ್ಧ ತಿಂದ ಬಾಳೆಹಣ್ಣು ಹಿಡಿದುಕೊಂಡೇ ಒಬ್ಬ ಓಡಿದ. "ನಮ್ಮಪ್ಪ ಒಳಗಿದಾರೆ, ನಮ್ಮಪ್ಪ!" ಎಂದು ಒಬ್ಬಾಕೆ ನೀರಿನ ಬಾಟಲಿ ಎತ್ತಿ ಬೀಸುತ್ತ ಓಡಿದಳು. ಮೇಡಂ ಮೊಬೈಲಿನಲ್ಲಿ ಕಂಡಕ್ಟರನಿಗೆ ಕಿರುಚುತ್ತಿದ್ದರು, "ಯಾಕ್ರೀ ಎತ್ತಿದ್ರಿ? ಏನು? ಸೇತುವೆ ಹತ್ತಿಬಿಟ್ರಾ? ತಿರುಗಿಸೋಕೆ ಆಗಲ್ವಾ? ಸರಿ ಹೋಗ್ರಿ, ಮುಂದಿನ ಸ್ಟಾಪಲ್ಲಿ ಆ ಹಿರಿಯರನ್ನ ಇಳಿಸಿ ಕೂರಿಸಿ!" ಧೂಳು ಇಳಿಯಿತು. ಬಸ್ಸು ನಿಂತಿದ್ದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಆ ಖಾಲಿ ಜಾಗದ ಆಚೆಗೆ, ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ, ಕೈಯಲ್ಲಿ ಒಂದು ಸಣ್ಣ ಕಾಗದದ ಕವರು ಹಿಡಿದುಕೊಂಡು ಅವನ ಹೆಂಡತಿ ನಿಂತಿದ್ದಳು.

ಅವಳು ನಡೆದು ಬಂದಳು. ಓಡಲಿಲ್ಲ. "ಬಸ್ ಎಲ್ಲಿ?" ಎಂದು ಮೇಡಂ ಅವರನ್ನು ಕೇಳಿದಳು. "ಮಾತ್ರೆ ಕೊಟ್ಟು ಬರ್ತೀನಿ, ಅಲ್ಲಿವರೆಗೆ ಸೀಟು ಹಿಡೀರಿ ಅಂತ ಕಂಡಕ್ಟರ್ ಕೈಲಿ ಚೀಲ ಕೊಟ್ಟಿದ್ದೆ." ಎಲ್ಲರೂ ಅವನನ್ನು ನೋಡಿದರು, ಅದೇ ಸಾಕಾಯಿತು. ಟೀ ಅಂಗಡಿಯವರೂ ಈಗ ನಗುತ್ತಿರಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಅವನಿಗೆ ಬೈಯಲು ಬರುತ್ತಿತ್ತು. ಮೇಡಂ ಹತ್ತಿರ ಬಂದು ಮಗುವಿನ ಮುಂದೆ ಹಿಡಿಯುವ ಹಾಗೆ ಅಂಗೈ ಚಾಚಿದರು. "ಅದನ್ನ ಇಲ್ಲಿ ಕೊಡಿ ಮುಳ್ಳಣ್ಣ." ಕೊಟ್ಟ. ಸೀಟಿಗೆ ಅವನ ಎಂಜಲು ಹತ್ತಿತ್ತು, ಮೇಡಂ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. "ಜ್ವರದಲ್ಲಿ ಆಗಿದ್ದು. ಮೇಲಕ್ಕೆ ಹೋಗದ ಹಾಗೆ ನಾನು ನೋಡ್ಕೋತೀನಿ. ಎದುರಿಗೆ ಬರೋ ಬಸ್ಸಲ್ಲಿ ಆ ಹಿರಿಯರೂ ಚೀಲವೂ ವಾಪಸ್ ಬರುತ್ತೆ. ಅಕ್ಕಾ, ಇವರನ್ನ ಕರ್ಕೊಂಡು ಹೋಗಿ ಮಲಗಿಸಿ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಕರುಣೆ ಮುಖಕ್ಕೆ ಸಗಣಿ ಎರಚಿದ ಹಾಗೆ ಅಂಟಿಕೊಂಡಿತು, ಒರೆಸಿಕೊಳ್ಳಲೂ ನಾಚಿಕೆ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಒಂದು ಹೆಜ್ಜೆ ಮುಂದಿದ್ದಳು. ಮೊದಲು ಅವನು ಮುಂದೆ, ಅವಳು ಹಿಂದೆ. ಹಿಂದೆ ಬಿದ್ದಾಗಲೆಲ್ಲ ಅವನು ನಿಂತು, ನಿಂತದ್ದು ಗೊತ್ತಾಗುವ ಹಾಗೆ ನಿಂತು, ಕಾಯುತ್ತಿದ್ದ. ಈಗ ಅವಳು ನಿಲ್ಲಲೂ ಇಲ್ಲ, ಬೇಗ ಬನ್ನಿ ಎನ್ನಲೂ ಇಲ್ಲ. ಸುಮ್ಮನೆ ನಿಧಾನವಾಗಿ ನಡೆದಳು, ಅವನಿಗೆ ಆಗುವಷ್ಟು. ಚಪ್ಪಲಿ ಬಿಡದೆ ಒಳಗೆ ಬಂದು, ಅವನು ಮಂಚದ ಮೇಲೆ ಕೂತ ಮೇಲೆ, ಹಣೆ ಮುಟ್ಟಿ ಕೈ ತೆಗೆದಳು. "ರೊಟ್ಟಿ ಬೇಯಿಸಬಹುದು" ಎಂದಳು. ಲೋಟದ ಮೇಲಿನ ತಟ್ಟೆ ಎತ್ತಿದಳು. ತಟ್ಟೆಯ ಅಡಿಯಿಂದ ಹನಿಗಳು ಸ್ಟೂಲಿನ ಮೇಲೆ ಬಿದ್ದವು. ಹಾಲಿನ ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಅದರ ಅಂಚಿನಲ್ಲಿ, ನೋಡಿದರೆ ಮಾತ್ರ ಕಾಣುವಷ್ಟು, ಹಬೆ ಏಳುತ್ತಿತ್ತು. ಅವಳು ಲೋಟವನ್ನು ಹೊರಗಿನಿಂದ ಮುಟ್ಟಿ ನೋಡಿ ಅವನ ಕೈಗೆ ಕೊಟ್ಟಳು.

"ತಗೊಳ್ಳಿ. ಈಗ ಕುಡಿಯೋ ಹದಕ್ಕೆ ಬಂದಿದೆ."

ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಲೋಹದ ಬಿಸಿ ಅಂಗೈಗೆ ಹತ್ತಿತು. ಒಂದು ಗಂಟೆ. ಅವನ ಒಂದು ಗಂಟೆ, ಅವನ ಎಷ್ಟೋ ಹೊತ್ತು, ಹಲ್ಲಿಯ ಎತ್ತಿದ ಕಾಲು, ಮುಗಿಯದ ಸೈಕಲ್ ಬೆಲ್ಲು, ಬಸ್ಸು, ಧೂಳು, ಎಲ್ಲವೂ ಸೇರಿ ಒಂದು ಲೋಟ ಹಾಲು ಆರುವಷ್ಟೂ ಆಗಿರಲಿಲ್ಲ.

"ಜ್ವರ ಬಂದಾಗ ನಿಮಗೆ ಹೊತ್ತು ಹೋಗಲ್ಲ" ಎಂದಳು ಅವಳು, ಮಾತ್ರೆಯನ್ನು ಹಾಳೆಯಿಂದ ಒತ್ತಿ ತೆಗೆಯುತ್ತ. "ಆ ವರ್ಷ ಮೈ ಕಾದಾಗ, ಒದ್ದೆ ಬಟ್ಟೆ ಹಿಂಡಿಕೊಂಡು ಬರೋಕೆ ಬಚ್ಚಲಿಗೆ ಹೋಗಿದ್ದೆ. ರಾತ್ರಿಯೆಲ್ಲ ಎಲ್ಲಿ ಹೋಗಿದ್ದೆ ಅಂದ್ರಿ. ನಿಮ್ಮೊಳಗಿನ ಗಡಿಯಾರ ಬಿಸಿಯಾದ್ರೆ ಜೋರಾಗಿ ಓಡುತ್ತೆ ಅಂತ ಅವತ್ತೇ ಗೊತ್ತಾಯ್ತು ನನಗೆ. ಅದಕ್ಕೇ ಹಾಲು ಇಟ್ಟು ಹೋದೆ. ಮುಟ್ಟಿ ನೋಡಲಿ, ಗೊತ್ತಾಗುತ್ತೆ ಅಂತ."

"ಯಾಕೆ ಹೇಳಲಿಲ್ಲ?"

"ಹೊತ್ತಿನ ವಿಷಯ ನಿಮಗೆ ಹೇಳೋದಾ?"

ಅವನು ಮಾತ್ರೆ ನುಂಗಿ ಹಾಲು ಕುಡಿದ. ಕೆನೆ ಮೀಸೆಗೆ ಹತ್ತಿತು. ಅವಳು ಬಾಗಿಲ ಹತ್ತಿರ, ಚೌಕಟ್ಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಚಪ್ಪಲಿ ಕಾಲಲ್ಲೇ ಇತ್ತು. ಬಹಳ ಹೊತ್ತು, ಅಥವಾ ಬಹಳ ಹೊತ್ತಲ್ಲವೇನೋ, ಕಾಗದದ ಕವರನ್ನು ಮಡಿಸುತ್ತ ಕೂತಿದ್ದಳು. ಆಮೇಲೆ ಅವಳು ಹೊರಗಿನ ಬಿಸಿಲಿನ ಕಡೆ ಮುಖ ಮಾಡಿ ಕೇಳಿದಳು.

"ಒಂದು ಕೇಳ್ತೀನಿ, ಸುಳ್ಳು ಹೇಳಬೇಡಿ. ನಾನು ಅದರಲ್ಲಿದೀನಿ ಅಂತ ಊದಿದ್ರಾ, ಇಲ್ಲ ಅಂತ ಊದಿದ್ರಾ?"

ಇಲ್ಲ ಅಂತ ಊದಿದೆ ಎನ್ನಬಹುದಿತ್ತು. ನೀನು ಹೋಗದೆ ಉಳಿಯಲಿ ಎಂದು ಬಸ್ಸನ್ನೇ ಓಡಿಸಿದೆ ಎನ್ನಬಹುದಿತ್ತು. ಅದು ಹುಚ್ಚಾಟವಾದರೂ ಯಾವ ಹೆಂಗಸಿಗೂ ಕೇಳಲು ಕೆಟ್ಟ ಮಾತಲ್ಲ. ಬೊಜ್ಜ ಡ್ರೈವರ್ ಅದನ್ನು ಊರೂರಿಗೆ ಹೇಳಿ ನಗಿಸುತ್ತಿದ್ದ, ಅವಳೂ ನಗುತ್ತಿದ್ದಳೇನೋ. ಬೆಳಗಿನಿಂದ ಬಾಯಲ್ಲಿ ಹೊರಳುತ್ತಿದ್ದ ಮಾತನ್ನು ಹೇಳಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಅವನು ಖಾಲಿ ಲೋಟದ ತಳ ನೋಡಿದ.

"ಇದೀಯ ಅಂತ" ಎಂದ.

ಅವಳು ತಲೆಯಾಡಿಸಿದಳು. ಅಂಗಡಿಯವನು ಸಾಮಾನಿಲ್ಲ ಎಂದಾಗ ಆಡಿಸುವ ಹಾಗೆ. "ಮುಂದಿನ ಬಸ್ ಯಾವಾಗ?"

ಅದು ಅವನಿಗೆ ಗೊತ್ತಿತ್ತು. ಎಲ್ಲ ಊರಿಗೆ ಹೋಗುವ ಎಲ್ಲ ಬಸ್ಸುಗಳೂ ಅವನಿಗೆ ಗೊತ್ತಿದ್ದವು. ಆದರೆ ಗೊತ್ತಿರುವುದಕ್ಕೂ ಈಗಿನ ಹೊತ್ತಿಗೂ ನಡುವೆ ಎಷ್ಟು ಉಳಿದಿದೆ ಎಂದು ಹುಡುಕಿದರೆ, ಪಕ್ಕೆಲುಬಿನ ಕೆಳಗೆ ಏನೂ ಇರಲಿಲ್ಲ. ಮೆಟ್ಟಿಲಿದೆ ಎಂದು ಕತ್ತಲಲ್ಲಿ ಕಾಲಿಟ್ಟು ಬರೀ ಗಾಳಿಯನ್ನು ತುಳಿದ ಹಾಗಾಯಿತು.

"ಗೊತ್ತಿಲ್ಲ" ಎಂದ. ಜೀವಮಾನದಲ್ಲಿ ಆ ಮಾತನ್ನು ಯಾರಿಗೂ ಹೇಳಿರಲಿಲ್ಲವಾದ್ದರಿಂದ ದನಿ ಬೇರೆ ಯಾರದ್ದೋ ಹಾಗಿತ್ತು. ಅವಳು ಆಗ ಮೊದಲ ಸಲ ಅವನ ಅಂಗಿಯ ಗುಂಡಿ ಬಿಟ್ಟು ಮುಖ ನೋಡಿದಳು.

ಮಾತ್ರೆ ಕೆಲಸ ಮಾಡತೊಡಗಿತು. ಬೆನ್ನು ಬೆವರಿತು, ಹಾಸಿಗೆ ಒದ್ದೆಯಾಯಿತು. ಫ್ಯಾನು ಫ್ಯಾನಿನ ಹಾಗೆ ತಿರುಗಿತು. ಹಲ್ಲಿ ಯಾವಾಗಲೋ ಹೊರಟುಹೋಗಿತ್ತು. ಕಿವಿಯ ಬಡಿತ ಇಳಿಯುತ್ತಿದ್ದಂತೆ ದೂರದಿಂದ ಒಂದು ಹಾರನ್ ಬಂತು. ಒಡೆದ ಗಂಟಲಿನ, ಕೊನೆಯಲ್ಲಿ ಬಿಕ್ಕುವ ಹಾರನ್. ಎದುರಿಗೆ ಬರುವ ಬಸ್ಸು ಅದು. ಸೇತುವೆ ಇಳಿದು ಸ್ಟ್ಯಾಂಡಿಗೆ ತಿರುಗುತ್ತಿದೆ, ಅವಳ ಹಸಿರು ಚೀಲ ಅದರಲ್ಲಿದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳದಿದ್ದರೆ ಅವಳು ಹೀಗೇ, ಬಾಗಿಲ ಹತ್ತಿರ, ಇನ್ನೊಂದಿಷ್ಟು ಹೊತ್ತು.

"ನಿನ್ನ ಚೀಲ ಬಂತು" ಎಂದ.

"ಕೇಳಿಸ್ತು" ಎಂದಳು ಅವಳು. ಏಳಲಿಲ್ಲ.

ಸ್ಟ್ಯಾಂಡಿನಲ್ಲಿ ಸೀಟಿ ಊದಿದರು. ಅದು ಅವನದೇ ಸೀಟಿಯೋ ಮೇಡಂ ಅವರದೋ, ಊದಿದ್ದು ಮಾತ್ರ ಮೇಡಂ. ಚಿಕ್ಕದಾಗಿ, ಎರಡು ಸಲ. ಯಾವುದೋ ಬಸ್ಸು ಹೊರಟಿತು. ಅವನು ಮೊಣಕೈ ಊರಿ ಏಳಲು ನೋಡಿದ. ಅವಳು ಕೂತಲ್ಲಿಂದಲೇ ಅಂದಳು, "ಮಲಗಿ ಸುಮ್ನೆ. ಹೋಗೋದಾದ್ರೆ ಈ ಸಲ ಹೇಳಿ ಹೋಗ್ತೀನಿ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬೆನ್ನ ಹಿಂದೆ ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಬಿಚ್ಚಿದ್ದೋ, ಕಾಲು ಬದಲಿಸಿ ಕೂತದ್ದೋ. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕೆಲುಬಿನ ಕೆಳಗೆ ಅದು ಮತ್ತೆ ಎಚ್ಚೆತ್ತು, ಒಂದು ಹನಿ ತೊಟ್ಟಿಕ್ಕಿ, ಎಷ್ಟಾಯಿತು ಎಂದು ಕೇಳಿತು. ಬಾಯಿ ಮುಚ್ಚಿಕೊಂಡು ಬಿದ್ದಿರು ಎಂದು ಅವನು ಅದಕ್ಕೆ ಬೈದ.